ಪರೀಕ್ಷೆಯಾಗದ ಬೋರ್ಡಿಗೆ ಹಸಿರು ಗುರುತು

ಬ್ರಾಹ್ಮಿಗೆ ಸಿಟ್ಟು ನೆತ್ತಿಗೇರಿತ್ತು. ತೆಲಸಂಗದ ಹಾಲಿನ ಡೈರಿ ನಡೆಸುವ ಸಾವಿತ್ರೆವ್ವ ಫೋನಿನಲ್ಲಿ ಬಾಯಿಗೆ ಬಂದಂತೆ ಬೈದು ಈಗಷ್ಟೇ ಇಟ್ಟಿದ್ದಳು. "ನಿಮ್ಮ ಅಪ್‌ಡೇಟ್ ಬಂದದ್ದ ತಡಾ, ತಂಪಿನ ಟ್ಯಾಂಕ್ ಸತ್ತಂಗ ಕುಂತೈತಿ. ಊರ ಮಂದಿ ಹಾಲು ಗಟಾರಕ್ಕ ಸುರವೀನಿ!"

ಐನಾಪುರದ ಮನೆಯ ಮಾಳಿಗೆಯಲ್ಲಿ ಬ್ರಾಹ್ಮಿ ಮತ್ತು ತಮ್ಮ ಶ್ರೇಣಿಕ ಅಂಥ ಟ್ಯಾಂಕುಗಳಿಗೆ ಕರ್ನಲ್ ಸಿದ್ಧಪಡಿಸುತ್ತಿದ್ದರು. ಯಂತ್ರವನ್ನು ಎಬ್ಬಿಸಿ ದುಡಿಸುವ ಮೂಲ ತಂತ್ರಾಂಶ ಅದು. ಟ್ಯಾಂಕಿನೊಳಗಿನ ಹಳೆಯ ಸರ್ಕ್ಯೂಟ್ ಬೋರ್ಡಿಗೊಂದು, ಹೊಸದಕ್ಕೊಂದು, ಸೋಲಾರಿನದಕ್ಕೆ ಮತ್ತೊಂದು. ಮೂರನ್ನೂ ತಾನಾಗಿಯೇ ಕಟ್ಟಿ, ಮೇಜಿನ ಮೇಲಿನ ಬೋರ್ಡುಗಳಲ್ಲಿ ಓಡಿಸಿ, ಪಾಸಾದರೆ ಹಸಿರು, ಇಲ್ಲವಾದರೆ ಕೆಂಪು ಗುರುತು ಹಾಕುವ ಸ್ಕ್ರಿಪ್ಟನ್ನು ಬ್ರಾಹ್ಮಿ ಬರೆದು ಮನೆಯ ಕರೆಂಟು ಹೋದರೂ ನಡೆಯಲೆಂದು ದೂರದ ಸರ್ವರಿನಲ್ಲಿಟ್ಟಿದ್ದಳು. ಎಲ್ಲಕ್ಕೂ ಹಸಿರು ಬಿದ್ದರೆ ಮಾತ್ರ ಅಪ್‌ಡೇಟ್ ಹೊರಡಬೇಕು. ಬಿದ್ದಿತ್ತಲ್ಲ!

"ಅಜ್ಜಿ ಮಾಡಿದ್ದಿದು," ಎಂದ ಶ್ರೇಣಿಕ. "ಸಾವಿತ್ರೆವ್ವನ ಟ್ಯಾಂಕಿಂದು ಹಳೇ ಬೋರ್ಡ್. ನಿನ್ನೆ ಅದರ ಟೆಸ್ಟ್ ಆಗೂದ್ರಾಗ ಮೇನ್ ಸ್ವಿಚ್ ಇಳಿಸ್ಯಾಳ."

ಜೈನರ ದಶಲಕ್ಷಣ ಪರ್ವ ನಡೆದಿತ್ತು. ಆ ದಿನಗಳಲ್ಲಿ ತಾರಾಬಾಯಿ ಅಜ್ಜಿ ಹೊತ್ತು ಮುಳುಗುತ್ತಲೇ ಮನೆಯ ಕರೆಂಟನ್ನೇ ತೆಗೆಯುವಳು. ದೀಪಕ್ಕೆ ಬಂದು ಮಳೆಹುಳುಗಳು ಸಾಯಬಾರದು. ಮದುವೆಯಾಗಿ ಬಂದಾಗಿನಿಂದ ಬಿಡದ ನೇಮ. ಅದು ಗೊತ್ತಿದ್ದೂ ಈ ಪುಣ್ಯಾತ್ಮ ಟೆಸ್ಟ್ ಶುರು ಮಾಡಿದ್ದು ಸಂಜೆಯ ಚಹಾ ಕುಡಿದ ಮೇಲೆ.

ಬಾಗಿಲಲ್ಲಿದ್ದ ಅಜ್ಜಿಯ ಮುಖ ಸಣ್ಣದಾಯಿತು. "ನನ್ನಿಂದ ಮಂದಿ ಹಾಲು ಕೆಟ್ಟೂ ಏನ? ಹಂಗಾರ ಇವತ್ತಿಂದ ನೇಮ ಬಿಡ್ತೀನಿ."

"ತಡಿ ಅಜ್ಜಿ," ಎಂದಳು ಬ್ರಾಹ್ಮಿ. ಕರೆಂಟಿಲ್ಲದೆ ಸತ್ತ ಬೋರ್ಡಿಗೆ ಹಸಿರು ಹೇಗೆ ಬಂತು? ಸ್ಕ್ರಿಪ್ಟ್ ತೆಗೆದು ನೋಡಿದಳು. ತಾನು ಬರೆಯದ ಸಾಲೊಂದು ಅಲ್ಲಿತ್ತು: ಉತ್ತರವೇ ಬರದಿದ್ದರೆ ಪಾಸು.

"ಇದನ್ನ ಯಾರು ಬರದಾರ?"

"ನೆಟ್ ಹೋದಾಗೆಲ್ಲ ಕೆಂಪು ಬೀಳತಿತ್ತಬೇ ಅಕ್ಕಾ. ಗಿರಾಕಿಗೂ ಅದು ಕಾಣತೈತಿ, ಹೆದರತಾರಂತ ನಾನ..."

"ನಾಚಿಕಿ ಆಗೂದಿಲ್ಲೇನ್ಲೇ? ಸುಳ್ಳು ಬರದಾವ ನೀ, ಅಜ್ಜಿ ತಲಿಗಿ ಕಟ್ಟಾಕತ್ತೀ? ಹಚ್ಚು ಸಾವಿತ್ರೆವ್ವಗ ಫೋನ್. ಅಜ್ಜಿಗಿ ಕೇಳೂವಂಗ ಹೇಳು!"

ಶ್ರೇಣಿಕ ತಲೆ ತಗ್ಗಿಸಿ, ತಪ್ಪು ತನ್ನದೇ ಎಂದು ಫೋನಿನಲ್ಲಿ ಹೇಳಿದ. ಬಳಿಕ ಬೈಕ್ ಹತ್ತಿ ತೆಲಸಂಗಕ್ಕೆ ಹೋಗಿ, ಹಿಂದಿನ ಕರ್ನಲ್ ಹಾಕಿ, ಸಾವಿತ್ರೆವ್ವನ ಬೈಗುಳ ಎದುರಿಗೇ ತಿಂದು ಬಂದ. ಬ್ರಾಹ್ಮಿ ಆ ಸಾಲನ್ನು ಅಳಿಸಿ, ಹಳೆಯ ಬೋರ್ಡಿನ ಕರ್ನಲ್ಲಿನ ದೋಷ ತಿದ್ದಿ, ಮತ್ತೆ ಟೆಸ್ಟ್ ಹಚ್ಚಿದಳು.

ಹೊತ್ತು ಮುಳುಗಿತು. ಅಜ್ಜಿ ಮೇನ್ ಸ್ವಿಚ್ಚಿನ ಮುಂದೆ ನಿಂತಿದ್ದಳು, ಕೈ ಏಳಲಿಲ್ಲ. ಬ್ರಾಹ್ಮಿ ಬಂದು ತಾನೇ ಸ್ವಿಚ್ ಇಳಿಸಿದಳು.

"ಅಕ್ಕಾ, ಹಳೇ ಬೋರ್ಡಿನ ಟೆಸ್ಟ್ ಇನ್ನಾ ಮುಗದಿಲ್ಲ!" ಮಾಳಿಗೆಯಿಂದ ಶ್ರೇಣಿಕ ಕೂಗಿದ.

"ಮುಗದಿಲ್ಲಂದ್ರ ಕೆಂಪು ಬೀಳತೈತಿ. ಬೀಳಲಿ. ನಾಳೆ ಬೆಳಕ ಹರದ ಮ್ಯಾಲ ಮಾಡು."

ಅವಳ ಮೊಬೈಲಿನಲ್ಲಿ ಕೆಂಪು ಗುರುತು ಬಿತ್ತು. ಅದನ್ನು ಅಜ್ಜಿಗೆ ತೋರಿಸಿ, ಹುಳು ಬರುವ ಮುನ್ನ ಮೊಬೈಲನ್ನೂ ಆರಿಸಿದಳು.