ಸೀಲು ಒಡೆಯದ ಚೀಲ

ನನ್ನ ಗಂಡನಿಗೆ ಹೊಸ ಸಾಮಾನಿನ ಹುಚ್ಚು. ಹುಚ್ಚು ಎಂದರೆ ಅವರ ಮುಖ ಊದುತ್ತದೆ, ಆಸಕ್ತಿ ಎನ್ನಬೇಕಂತೆ. ಆ ಶನಿವಾರ ಬೆಳಿಗ್ಗೆ ಅವರ ಆಸಕ್ತಿ ನಮ್ಮ ಊಟದ ಮೇಜಿನ ತುಂಬ ಹರಡಿಕೊಂಡಿತ್ತು. ಹೊಸ ಪ್ರೊಸೆಸರ್, ಇಟ್ಟಿಗೆಯಷ್ಟು ದಪ್ಪದ ಗ್ರಾಫಿಕ್ಸ್ ಕಾರ್ಡ್, ಒಳಗೆಲ್ಲ ಕರೆಂಟ್ ಹಂಚುವ ಹೊಸ ಪವರ್ ಸಪ್ಲೈ, ಮುಟ್ಟಿದರೆ ಬಣ್ಣ ಬದಲಾಯಿಸುವ ಕೀಬೋರ್ಡ್. ಮಣಿಕಟ್ಟಿನಲ್ಲಿ ಎದೆಬಡಿತ ಎಣಿಸುವ ಹೊಸ ವಾಚು. ನಮ್ಮ ಬೀದಿಯಲ್ಲಿ ಯಾರೇ ಒಂದು ಇಯರ್‌ಫೋನ್ ಕೊಳ್ಳಬೇಕಾದರೂ ಇವರನ್ನು ಕೇಳಿಯೇ ಕೊಳ್ಳುವುದು. ಎಲ್ಲರ ಬಾಯಲ್ಲೂ ಇವರು ‘ಎಕ್ಸ್‌ಪರ್ಟ್’.

ನಾನು ಕಿವುಡ ಮಕ್ಕಳ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಮೂರು ವರ್ಷ ಕೂತು ಆ ಮಕ್ಕಳಿಗಾಗಿ ಕೈಸನ್ನೆಗಳ ಪುಸ್ತಕವೊಂದನ್ನು ಬರೆದಿದ್ದೆ, ಸಾವಿರದ ನೂರ ನಲವತ್ತು ಚಿತ್ರ. ಅಷ್ಟೂ ಚಿತ್ರಕ್ಕೆ ಕೈ ಕೊಟ್ಟವರು ಇವರೇ. ಕೆಲಸ ಮುಗಿಸಿ ಬಂದು ದೀಪದ ಕೆಳಗೆ ಕೂತು, ನಾನು ಹೇಳಿದ ಹಾಗೆ ಬೆರಳು ಮಡಚಿ, ಅಲ್ಲಾಡದೆ ಇರುತ್ತಿದ್ದರು. ಹೆಬ್ಬೆರಳು ಮಾತ್ರ ಮಾತು ಕೇಳುತ್ತಿರಲಿಲ್ಲ, ಸದಾ ಹೊರಗೆ ನಿಗುರಿಕೊಂಡಿರುತ್ತಿತ್ತು. ಅದಕ್ಕಾಗಿ ನಾನು ಬೈದದ್ದಕ್ಕೆ ಲೆಕ್ಕವಿಲ್ಲ.

ಪುಟಗಳು ಅವತ್ತು ಸಂಜೆ ಐದಕ್ಕೆ ಪ್ರೆಸ್ಸು ಸೇರಬೇಕಿತ್ತು. ತಪ್ಪಿದರೆ ಯಂತ್ರ ಬೇರೆ ಕೆಲಸಕ್ಕೆ ಹೋಗುತ್ತದೆ, ಈ ವರ್ಷ ಮಕ್ಕಳ ಕೈಗೆ ಪುಸ್ತಕ ಇಲ್ಲ. ಹಳೆಯ ಕಂಪ್ಯೂಟರಿನಲ್ಲಿ ಪುಟಗಳನ್ನು ಸಿದ್ಧಮಾಡಲು ಎರಡು ಗಂಟೆ ಬೇಕಿತ್ತು.

“ಹೊಸದ್ರಲ್ಲಿ ಹತ್ತು ನಿಮಿಷ ಕಣೆ. ಹನ್ನೊಂದಕ್ಕೆ ಜೋಡಿಸಿ ಮುಗಿಸ್ತೀನಿ, ಹನ್ನೆರಡಕ್ಕೆ ಕಳಿಸಿ ಹಾಯಾಗಿರು” ಎಂದರು.

“ಮೊದಲು ಹಳೆಯದ್ರಲ್ಲೇ ಕಳಿಸಿಬಿಡ್ತೀನಿ, ಆಮೇಲೆ ಬಿಚ್ಚಿ” ಎಂದೆ. ಅಷ್ಟರಲ್ಲಿ ಬಿಚ್ಚಿ ಆಗಿತ್ತು, ಹೊಸ ಸಾಮಾನು ಅದೇ ಹಳೆಯ ಪೆಟ್ಟಿಗೆಯೊಳಗೆ ಕೂರತೊಡಗಿತ್ತು.

ನನ್ನ ಚಿತ್ರಗಳಿದ್ದ ಡಿಸ್ಕು ಒಂದು, ಅದರ ನಕಲು ಇನ್ನೊಂದು. ಇಂಟರ್ನೆಟ್ಟಿನಲ್ಲಿ ಒಂದು ಪ್ರತಿ ಇಡೋಣ ಎಂದಾಗ, ನಮ್ಮ ಸಾಮಾನು ಇನ್ನೊಬ್ಬರ ಮನೆಯಲ್ಲಿ ಯಾಕೆ ಎಂದು ನನ್ನ ಬಾಯಿ ಮುಚ್ಚಿಸಿದವರೂ ಇವರೇ. ಎರಡನ್ನೂ ಒಟ್ಟಿಗೇ ಹೊಸ ಕಂಪ್ಯೂಟರಿಗೆ ಸಿಕ್ಕಿಸಿ ಗುಂಡಿ ಒತ್ತಿದರು.

ಫ್ಯಾನು ಒಂದು ಸುತ್ತು ತಿರುಗಿ ನಿಂತಿತು. ಸಣ್ಣಗೆ ಟಿಕ್ ಎಂದಿತು. ಇವರು ಸ್ವಿಚ್ ಆರಿಸಿ ಮತ್ತೆ ಹಾಕಿದರು, ಹಾಗೇ ಆಯಿತು. ಡಿಸ್ಕುಗಳನ್ನು ಬಿಡಿಸಿದ ಮೇಲೆ ಕಂಪ್ಯೂಟರು ಬಣ್ಣಬಣ್ಣದ ದೀಪ ಹೊತ್ತಿಸಿಕೊಂಡು ಜುಮ್ಮೆಂದು ಎದ್ದಿತು. ಡಿಸ್ಕುಗಳನ್ನು ಒಂದೊಂದಾಗಿ ನನ್ನ ಲ್ಯಾಪ್‌ಟಾಪಿಗೆ ಹಾಕಿ ನೋಡಿದರು. ಎರಡೂ ಉಸಿರೆತ್ತಲಿಲ್ಲ. 

“ಏನಾಯ್ತು?”

“ಕರೆಂಟ್ ಏರುಪೇರಾಗಿರಬೇಕು.” ನನ್ನ ಮುಖ ನೋಡದೆ ಹೇಳಿದರು.

ನಾಲ್ಕು ಬೀದಿ ಆಚೆ, ಮೆಟ್ಟಿಲ ಕೆಳಗಿನ ಕಿರಿದಾದ ಅಂಗಡಿಯಲ್ಲಿ ಒಬ್ಬ ಹೆಂಗಸು ಡಿಸ್ಕು ರಿಪೇರಿ ಮಾಡುತ್ತಾರೆ. ಎಲ್ಲರೂ ಅವರನ್ನು ರಿಪೇರಿ ಅಕ್ಕ ಎನ್ನುತ್ತಾರೆ. ಅಲ್ಲಿಗೆ ತಲುಪಿದಾಗ ಹನ್ನೆರಡೂವರೆ. ಇವರನ್ನು ಕಂಡ ಕೂಡಲೇ ಅಕ್ಕ ಎದ್ದು ಸ್ಟೂಲು ಸರಿಸಿದರು.

“ಬನ್ನಿ ಸರ್, ನೀವೇ ಬಂದ್ರಾ. ನನ್ನ ಗಿರಾಕಿಗಳಿಗೆಲ್ಲ ಬುದ್ಧಿ ಹೇಳೋರು ನೀವು.”

ಇವರು ನಕ್ಕರು. ಕರೆಂಟಿನ ಕಥೆಯನ್ನೇ ಅಲ್ಲಿಯೂ ಹೇಳಿದರು.

ಅಕ್ಕ ಡಿಸ್ಕಿನ ಕೆಳಗಿನ ಹಸಿರು ಬೋರ್ಡನ್ನು ಭೂತಗನ್ನಡಿಯ ಕೆಳಗೆ ಹಿಡಿದು ತುಂಬ ಹೊತ್ತು ನೋಡಿದರು. “ಮನೆ ಕರೆಂಟಿನ ಹೊಡೆತ ಆದ್ರೆ ಈ ಬೋರ್ಡೇ ಬದಲಾಯಿಸಬೇಕು. ಇದೇ ಥರದ್ದು ಹುಡುಕಿ ತರಿಸೋಕೆ ವಾರ ಆಗುತ್ತೆ.”

“ಐದು ಗಂಟೆಗೆ ಬೇಕು” ಎಂದೆ. 

“ಅದೇ ನನಗೂ ಅರ್ಥ ಆಗ್ತಿಲ್ಲ. ಹೊಡೆತ ಬಿದ್ದಿದ್ರೆ ಪವರ್ ಸಪ್ಲೈ ಮೊದಲು ಸಾಯಬೇಕಿತ್ತು. ಅದು ಚೆನ್ನಾಗಿದೆ ಅಂತೀರಿ. ಏನು ನಡೀತು ಅಂತ ಸರಿಯಾಗಿ ಗೊತ್ತಾದ್ರೆ ಒಂದು ದಾರಿ ಇದ್ರೂ ಇರಬಹುದು ಸರ್. ಸುಮ್ನೆ ಊಹೆ ಮೇಲೆ ಕಿತ್ರೆ ಉಳಿದಿರೋದೂ ಹೋಗುತ್ತೆ.”

ಇವರು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತ ನಿಂತರು. ಆಗ ನನ್ನ ಕಣ್ಣ ಮುಂದೆ ನಮ್ಮ ಊಟದ ಮೇಜು ಬಂತು. ಖಾಲಿ ಡಬ್ಬಿಗಳು, ಹರಿದ ಪ್ಲಾಸ್ಟಿಕ್ಕು, ಅದರ ನಡುವೆ ಒಂದು ಕಪ್ಪು ಚೀಲ.

“ರೀ, ಹೊಸ ಪವರ್ ಸಪ್ಲೈ ಜೊತೆ ಒಂದು ಚೀಲದ ತುಂಬ ಡಿಸ್ಕಿನ ಕೇಬಲ್ ಬಂದಿತ್ತಲ್ಲ. ಅದರ ಸೀಲು ಇನ್ನೂ ಒಡೆದಿಲ್ಲ. ಮತ್ತೆ ಡಿಸ್ಕಿಗೆ ಯಾವ ಕೇಬಲ್ ಹಾಕಿದ್ರಿ?”

ಅಕ್ಕ ಭೂತಗನ್ನಡಿ ಕೆಳಗಿಟ್ಟರು. ಇವರ ವಾಚು ಕುಂಯ್‌ಗುಟ್ಟಿತು, ಎದೆಬಡಿತ ಹೆಚ್ಚಾಗಿದೆಯಂತೆ. ನನಗೆ ಆ ವಾಚನ್ನು ಕಿತ್ತು ರಸ್ತೆಗೆ ಎಸೆಯುವಷ್ಟು ಸಿಟ್ಟು ಬಂದಿತ್ತು. ಗಡಿಯಾರದಲ್ಲಿ ಒಂದು ಗಂಟೆ ಆಗುತ್ತ ಬಂದಿತ್ತು.

“ಹೇಳಿ” ಎಂದೆ.

“ಹಳೆಯ ಕೇಬಲ್ಲೇ” ಎಂದರು. “ಎರಡು ವರ್ಷದ ಹಿಂದೆ ಒಂದಿಡೀ ಭಾನುವಾರ ಕೂತು ಆ ಪೆಟ್ಟಿಗೆಯೊಳಗೆ ನೀಟಾಗಿ ಎಳೆದು ಕಟ್ಟಿದ್ದೆ. ಫೋಟೋ ತೆಗೆದು ಎಲ್ಲರಿಗೂ ಕಳಿಸಿದ್ದೆ. ಬಿಚ್ಚೋಕೆ ಮನಸ್ಸಾಗಲಿಲ್ಲ. ಪವರ್ ಸಪ್ಲೈ ಮಾತ್ರ ಬದಲಾಯಿಸಿ ಅದಕ್ಕೇ ಸಿಕ್ಕಿಸಿದೆ. ತುದಿ ಸರಿಯಾಗಿ ಕೂತುಕೊಳ್ತು.”

“ಕೂತುಕೊಳ್ಳುತ್ತೆ ಸರ್. ಒಳಗಿನ ತಂತಿ ಒಂದೊಂದು ಕಂಪನಿಯದ್ದು ಒಂದೊಂದು ಥರ. ಐದು ವೋಲ್ಟ್ ಹೋಗೋ ಕಡೆ ಹನ್ನೆರಡು ಹೋಗುತ್ತೆ.”

“ಗೊತ್ತು. ನಾನೇ ಎಷ್ಟು ಜನಕ್ಕೆ ಹೇಳಿದ್ದೀನಿ” ಎಂದು ಇವರು ಸ್ಟೂಲಿನ ಮೇಲೆ ಕುಸಿದರು.

ನನಗೆ ಮೈಯೆಲ್ಲ ಉರಿಯಿತು. ತಪ್ಪಿಗಲ್ಲ. ಮೂರು ವರ್ಷದ ನನ್ನ ಕೆಲಸ ಸಾಯಲಿ, ತನ್ನ ಹೆಸರು ಉಳಿಯಲಿ ಎಂದು ಅರ್ಧ ಗಂಟೆ ಬಾಯಿಗೆ ಬೀಗ ಹಾಕಿಕೊಂಡು ನಿಂತರಲ್ಲ, ಅದಕ್ಕೆ. ಆದರೆ ಅಕ್ಕನ ಮುಖ ಅರಳಿತ್ತು.

“ಇದಾದ್ರೆ ದಾರಿ ಇದೆ. ಹೆಚ್ಚು ವೋಲ್ಟ್ ಬಂದ್ರೆ ತಾನು ಸತ್ತು ಉಳಿದದ್ದನ್ನ ಕಾಯೋ ಒಂದು ಸಣ್ಣ ಕಾವಲುಗಾರ ಇರ್ತಾನೆ ಬೋರ್ಡಿನಲ್ಲಿ. ಅವನನ್ನ ಕಿತ್ತುಹಾಕಿದ್ರೆ ಡಿಸ್ಕು ತಿರುಗಬಹುದು. ಆದ್ರೆ ಆಮೇಲೆ ಕಾಯೋರು ಯಾರೂ ಇಲ್ಲ. ಒಂದೇ ಸಲ, ಒಂದೇ ಉಸಿರಲ್ಲಿ ನಕಲು ತೆಗೆದುಕೊಳ್ಳಬೇಕು.”

ಮೊದಲ ಡಿಸ್ಕಿನಿಂದ ಸಾಸಿವೆಗಿಂತ ತುಸು ದೊಡ್ಡದೊಂದು ಕಪ್ಪು ಚೂರನ್ನು ಕಿತ್ತರು. ಕರೆಂಟ್ ಕೊಟ್ಟರು. ತಿರುಗಲಿಲ್ಲ.  ಎರಡನೆಯದರಲ್ಲಿ ಕಿತ್ತರು, ಕರೆಂಟ್ ಕೊಟ್ಟರು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಸಣ್ಣಗೆ ಗುಂಯ್ ಎನ್ನುತ್ತ ತಿರುಗತೊಡಗಿತು.

ನಕಲು ಶುರುವಾಯಿತು. ಪರದೆಯ ಮೇಲೆ ಎರಡು ಗಂಟೆ ನಲವತ್ತು ನಿಮಿಷ ಎಂದು ತೋರಿಸಿತು. ಆಗಲೇ ಗೋಡೆಯ ಸಾಕೆಟ್ಟಿನಲ್ಲಿ ಚಟಪಟ ಸದ್ದಾಯಿತು. ಪ್ಲಗ್ಗು ಸಡಿಲ. ಇವರು ಒಂದೇ ಹೆಜ್ಜೆಗೆ ಹೋಗಿ ಅಂಗೈಯಿಂದ ಅದನ್ನು ಗೋಡೆಗೆ ಒತ್ತಿ ಹಿಡಿದರು.

“ಕೈ ತೆಗೀಬೇಡಿ ಸರ್” ಎಂದರು ಅಕ್ಕ.

ತೆಗೆಯಲಿಲ್ಲ. ಸಾಕೆಟ್ಟು ಮೊಣಕಾಲಿನಷ್ಟು ಎತ್ತರದಲ್ಲಿತ್ತು. ಇವರು ಕುಕ್ಕರಗಾಲಿನಲ್ಲಿ ಕೂತರು, ಆಮೇಲೆ ನೆಲಕ್ಕೇ ಕೂತರು. ಫೋನು ಹತ್ತು ಸಲ ಹೊಡೆದುಕೊಂಡಿತು, ಯಾರಿಗೋ ಯಾವುದೋ ಟ್ಯಾಬ್ ಕೊಳ್ಳಲು ಸಲಹೆ ಬೇಕಿತ್ತು. ವಾಚು ಗಂಟೆಗೊಮ್ಮೆ, ಎದ್ದು ನಾಲ್ಕು ಹೆಜ್ಜೆ ಓಡಾಡಿ ಎಂದಿತು. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ನಾನು ಒರೆಸಲಿಲ್ಲ. ಪರದೆಯ ಮೇಲಿನ ಅಂಕಿಯನ್ನು ನೋಡುತ್ತ ಕೂತಿದ್ದೆ. ಶೇಕಡಾ ತೊಂಬತ್ತೊಂದಕ್ಕೆ ಬಂದು ಅದು ನಿಂತಿತು.  ನಾಲ್ಕು ನಿಮಿಷ ಕಳೆದ ಮೇಲೆ ತೊಂಬತ್ತೆರಡಾಯಿತು.

ನಾಲ್ಕಕ್ಕೆ ಐದು ನಿಮಿಷ ಇರುವಾಗ ನಕಲು ಮುಗಿಯಿತು.

“ಬಿಡಿ ಸರ್, ಆಯ್ತು” ಎಂದರು ಅಕ್ಕ. ಇವರು ಬಿಡಲಿಲ್ಲ. ನಾನು ಅಲ್ಲೊಂದು ಇಲ್ಲೊಂದು ಚಿತ್ರ ತೆಗೆದು ನೋಡಿ, ಎಲ್ಲ ಇದೆ ಎಂದು ತಲೆಯಾಡಿಸಿದ ಮೇಲೆಯೇ ಕೈ ತೆಗೆದದ್ದು. ಅಂಗೈಯಲ್ಲಿ ಪ್ಲಗ್ಗಿನ ಅಚ್ಚು ಕೆಂಪಗೆ ಮೂಡಿತ್ತು. ಪರದೆಯ ತುಂಬ ಇದ್ದದ್ದೂ ಅದೇ ಕೈ.

ನಮ್ಮ ಹಳೆಯದಕ್ಕಿಂತ ಎಷ್ಟೋ ವೇಗದ ಅಕ್ಕನ ಕಂಪ್ಯೂಟರಿನಲ್ಲೇ ಪುಟಗಳು ಸಿದ್ಧವಾಗಿ ಐದಕ್ಕೆ ಎಂಟು ನಿಮಿಷ ಇರುವಾಗ ಪ್ರೆಸ್ಸು ಸೇರಿದವು. ಹೊರಗೆ ಮೆಟ್ಟಿಲ ಬಳಿ ಇವರು ನನ್ನೆದುರು ಬಂದು ನಿಂತರು.  ಎಡ ಅಂಗೈ ಚಾಚಿ ಅದರ ಮೇಲೆ ಬಲಗೈ ಮುಷ್ಟಿ ಇಟ್ಟರು. ನಮ್ಮ ಪುಸ್ತಕದ ಇನ್ನೂರ ಹನ್ನೆರಡನೆಯ ಚಿತ್ರ, ನನ್ನದು ತಪ್ಪಾಯಿತು. 

 ಸಿಟ್ಟು ಇನ್ನೂ ಇಳಿದಿರಲಿಲ್ಲ, ಸುಳ್ಳು ಯಾಕೆ ಹೇಳಲಿ.

“ಹೆಬ್ಬೆರಳು ಒಳಗೆ ಇರಬೇಕು” ಎಂದೆ, ಅವರ ಮುಷ್ಟಿ ಬಿಡಿಸಿ ಬೆರಳನ್ನು ಸರಿಮಾಡಿದೆ.