ಭಾನುವಾರಗಳ ಕೂಲಿ

ಮುಂದಿನ ಟ್ರಾಲಿಯ ಬಾಲದಲ್ಲಿ ಒಂದೇ ಒಂದು ಕಬ್ಬು ಜಾರಿಕೊಂಡು ತೂಗಾಡುತ್ತಿದೆ, ಈಗ ಬಿದ್ದೀತು, ಇನ್ನೇನು ಬಿದ್ದೀತು, ಬೀಳುವುದಿಲ್ಲ, ಹಠಮಾರಿ ಕಬ್ಬು — ಹಾರ್ನ್ ಹೊಡೆಯಲೇ, ಬೇಡ, ಟ್ರ್ಯಾಕ್ಟರಿನವನು ಹಾಡು ಹಚ್ಚಿಕೊಂಡಿದ್ದಾನೆ, ಆಕಾಶ ಕಳಚಿ ಬಿದ್ದರೂ ಅವನಿಗೆ ಕೇಳುವುದಿಲ್ಲ, ಹೌಸಾಬಾಯಿ ಸ್ಕೂಟರಿನ ವೇಗ ತಗ್ಗಿಸಿ ಎಡಕ್ಕೆ ಸರಿದಳು, ಕಾಕಂಬಿಯ ವಾಸನೆ ಮೂಗಿಗೆ ಬಡಿಯಿತು, ಹುಳಿ, ಸಿಹಿ, ಸ್ವಲ್ಪ ಕೊಳೆತದ್ದು, ಕಬ್ಬು ಅರೆಯುವ ಹಂಗಾಮು ಶುರುವಾಯಿತೆಂದರೆ ಈ ಕೊಲ್ಹಾಪುರದ ಸೀಮೆ ಪೂರ್ತಿ ಹೀಗೇ ನಾರುತ್ತದೆ, ಹೊರಗಿನವರು ಮೂಗು ಮುಚ್ಚಿಕೊಳ್ಳುತ್ತಾರೆ, ಅವಳಿಗೆ ಮಾತ್ರ ಹಸಿವಾಗುತ್ತದೆ, ಇಪ್ಪತ್ತಾರು ವರ್ಷ ಇದೇ ವಾಸನೆಯೊಳಗೆ ಸಕ್ಕರೆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಜೋಳದ ಭಾಕರಿ ಬಡಿದ ಕೈ, ಕೆಲಸ ಬಿಟ್ಟು ವರ್ಷವಾದರೂ ವಾಸನೆ ಬಂದ ಕೂಡಲೇ ಬೆರಳುಗಳು ಹಿಟ್ಟು ಹುಡುಕುತ್ತವೆ. ಬೆರಳೇ, ಸುಮ್ಮನೆ ಬ್ರೇಕ್ ಹಿಡಿ. ಕಾರ್ಖಾನೆಯಿಂದ ಬಂದ ಕಾಗದ ಸೀಟಿನ ಕೆಳಗಿನ ಡಬ್ಬಿಯಲ್ಲಿದೆ, ಸೊಸೆ ಸ್ನೇಹಲ್ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕೊಟ್ಟಿದ್ದಾಳೆ, ಮದುವೆಯ ಕರೆಯೋಲೆ ಎನ್ನುವ ಹಾಗೆ — ನಿಮಗೆ ಹೆಚ್ಚಾಗಿ ಸಂದಾಯವಾದ ಕೂಲಿಯನ್ನು ಹಿಂದಿರುಗಿಸತಕ್ಕದ್ದು, ಮೂವತ್ತೆಂಟು ಸಾವಿರ ಚಿಲ್ಲರೆ — ಆ ಮೂವತ್ತೆಂಟು ಸಾವಿರದಲ್ಲಿ ಮುಕ್ಕಾಲು ಪಾಲು ಈಗ ಅವಳ ಕೆಳಗೆ ಗುರುಗುಟ್ಟುತ್ತ ಓಡುತ್ತಿದೆ, ದುಡ್ಡು ವಾಪಸ್ ಕೇಳುವ ಕಾಗದವನ್ನು ಆ ದುಡ್ಡಿನ ಹೊಟ್ಟೆಯೊಳಗೇ ಇಟ್ಟುಕೊಂಡು ಹೊರಟಿದ್ದೇನಲ್ಲ ಎಂದು ಅವಳಿಗೆ ನಗು ಬಂತು, ಒಬ್ಬಳೇ ನಕ್ಕಳು, ಬಾಯೊಳಗೆ ಧೂಳು ಹೋಯಿತು.

ಕಾಂಪೌಂಡರ್ ಶಾಮರಾವನಿಂದ ಕೊಂಡ ಹಳೆಯ ಸ್ಕೂಟರ್ ಇದು, ಗೇರಿಲ್ಲ, ಕಿವಿ ತಿರುವಿದರೆ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ, ಇಷ್ಟು ಮಾತು ಕೇಳುವವರು ಮನೆಯಲ್ಲಿ ಬೇರೆ ಯಾರೂ ಇಲ್ಲ. ಕಲಿಸಿದವಳು ಸ್ನೇಹಲ್, ಶಾಲೆಯ ಬಯಲಿನಲ್ಲಿ ಹಿಂದೆ ಹಿಂದೆ ಓಡುತ್ತ, ಆತ್ಯಾ, ಎದುರಿಗೆ ನೋಡ್ರಿ, ಚಕ್ರ ಏನ್ ನೋಡ್ತೀರಿ, ಅದು ಎಲ್ಲೂ ಹೋಗಂಗಿಲ್ಲ! — ಮೊದಲ ದಿನ ಗೋಲ್‌ಕಂಬಕ್ಕೆ ಗುದ್ದಿ ಇಬ್ಬರೂ ಮಣ್ಣಿನಲ್ಲಿ ಕೂತು ಅಳುವಷ್ಟು ನಕ್ಕಿದ್ದರು, ಮಗ ಸರ್ಜೇರಾವ್ ನಾಲ್ಕು ದಿನ ಮಾತು ಬಿಟ್ಟ, ಅರವತ್ತರ ಹತ್ರ ಬಂದಾಕಿಗೆ ಇದೇನ್ ಹುಚ್ಚಾಟ ಅವ್ವಾ, ಮಂದಿ ಏನಂದಾರು — ಮಂದಿ ಅನ್ನುತ್ತಾರೆ, ಅನ್ನದೇ ಬಿಡುತ್ತಾರೆಯೇ, ಇದೋ ಈ ಚಹಾದಂಗಡಿಯ ಕಟ್ಟೆಯವರು ದಿನಾ ಅನ್ನುತ್ತಾರೆ, ಇವತ್ತೂ ಒಬ್ಬ ಕಪ್ಪು ಎತ್ತಿ ಕೂಗಿದ, ಆಜೀ, ವಿಮಾನ ಎಲ್ಲಿ ಇಳಿತೈತಿ ಇವತ್ತು! ನಿನ್ನ ಅತ್ತಿ ಮನಿ ಮ್ಯಾಲ ಇಳಸ್ತೀನಿ, ಹೆಂಚು ಗಟ್ಟಿ ಅದಾವೇನು ಕೇಳಿ ಬಾ, ಎಂದು ಅವಳೂ ಕೂಗಿದಳು, ಕಟ್ಟೆ ಕಟ್ಟೆಯೇ ಗೊಳ್ಳೆಂದಿತು. ಒಂಬತ್ತು ಗಜದ ಕಚ್ಚೆ ಸೀರೆಯನ್ನು ಹಿಂದಿನವರು ಸ್ಕೂಟರಿಗೆಂದೇ ಹುಟ್ಟಿಸಿರಬೇಕು, ಕಾಲು ಎಷ್ಟು ಸಲೀಸು, ಆರು ಗಜ ಉಟ್ಟ ಸ್ನೇಹಲ್ ಪಾಪ ಒಂದೇ ಬದಿಗೆ ಕಾಲು ಇಳಿಬಿಟ್ಟು ಕೂರುತ್ತಾಳೆ. ಕಾಗದ ಓದಿದ್ದೂ ಅವಳೇ, ಓದುತ್ತ ಓದುತ್ತ ದನಿ ಏರಿತು, ಒಂದ್ ರೂಪಾಯಿ ಕೊಡಬ್ಯಾಡ್ರಿ ಆತ್ಯಾ, ನೀವು ಬೆವರು ಸುರಿಸಿದ್ದು, ಅವರೇನು ಹುಂಡಿ ಒಡದು ಕೊಟ್ಟಿದ್ದಲ್ಲ — ಸರ್ಜೇರಾವ್ ಮಾತ್ರ ಉಗುರು ಕಚ್ಚುತ್ತ, ಕೊಟ್ಟು ಕೈ ತೊಳಕೊಳ್ಳೋಣ ಅವ್ವಾ, ಕಾರ್ಖಾನಿ ಮಂದಿ ಕೂಡ ಜಗಳ ಬ್ಯಾಡ, ನಮ್ಮ ಕಬ್ಬೂ ಅಲ್ಲೇ ಹೋಗತೈತಿ. ಇಬ್ಬರ ಮಾತೂ ಸರಿಯೇ. ಇಬ್ಬರಿಗೂ ಗೊತ್ತಿಲ್ಲದ್ದು ಒಂದೇ, ಅದನ್ನು ಅವಳು ಹೇಳಲಿಲ್ಲ, ಭಾಕರಿ ತಿರುವಿ ಹಾಕುತ್ತ ಹ್ಞೂಂ ಹ್ಞೂಂ ಎಂದಳು.

ಭಾನುವಾರ ಕ್ಯಾಂಟೀನಿಗೆ ರಜೆ, ಅದು ಕಾಗದದ ಮೇಲಿನ ಮಾತು, ಬಾಯ್ಲರಿಗೆ ಎಲ್ಲಿಯ ರಜೆ, ಹಂಗಾಮಿನಲ್ಲಿ ಒಮ್ಮೆ ಹೊತ್ತಿಸಿದರೆ ಕಡೆಯ ಕಬ್ಬು ಮುಗಿಯುವವರೆಗೆ ಆರಿಸುವಂತಿಲ್ಲ, ಭಾನುವಾರವೂ ಆ ಬೆಂಕಿಯ ಎದುರು ನಿಂತವರು ತಿನ್ನುವುದೇನು, ಬಾಳೆಹಣ್ಣು, ಶೇಂಗಾ, ಚಹಾ — ಒಂದು ಭಾನುವಾರ ದಾರಿಯಲ್ಲಿ ಹೋಗುತ್ತಿದ್ದವಳು ಸುಮ್ಮನೆ ಇಣುಕಿದಳು, ನೋಡಲಾಗಲಿಲ್ಲ, ಬೀಗ ತೆಗೆಸಿ ಒಲೆ ಹಚ್ಚಿದಳು, ಕಡಲೆಹಿಟ್ಟಿನ ಬಿಸಿ ಝುಣಕ, ಭಾಕರಿ, ಜಜ್ಜಿದ ಈರುಳ್ಳಿ, ಆಮೇಲೆ ಪ್ರತಿ ಭಾನುವಾರ, ದೀಪಾವಳಿಯ ಪಾಡ್ಯದ ದಿನವೂ, ಯಾರೂ ಬಾ ಎನ್ನಲಿಲ್ಲ, ಯಾರೂ ಬೇಡ ಎನ್ನಲಿಲ್ಲ. ಹಾಜರಿ ಹಿಡಿಯುವ ಟೈಮ್‌ಕೀಪರ್ ಇಂಗವಲೆ ಸಾಹೇಬರು ಒಬ್ಬರೇ ಆ ದಿನ ಆಫೀಸಿನಲ್ಲಿ ಇರುತ್ತಿದ್ದರು, ಬಿಳಿ ಟೋಪಿ, ಇಸ್ತ್ರಿ ಹಾಕಿದ ಅಂಗಿ, ಹೆಂಡತಿ ತೀರಿಕೊಂಡು ಎಷ್ಟೋ ವರ್ಷವಾದರೂ ಅದೇ ಇಸ್ತ್ರಿ, ಎಲ್ಲರದೂ ಆದ ಮೇಲೆ ಬಂದು ಕಿಟಕಿಯ ಹತ್ತಿರ ಕೂತು ತಿಂದು, ಕೈ ತೊಳೆದು, ಹೋಗುವಾಗ ಒಂದೇ ಮಾತು — ಉಪ್ಪು ಸರಿ ಐತಿ. ಎರಡು ಹಂಗಾಮಿನಲ್ಲಿ ಅವರು ಅವಳೊಂದಿಗೆ ಆಡಿದ್ದು ಈ ಒಂದು ಮಾತು, ಒಮ್ಮೆ ಬೇಕೆಂದೇ ಉಪ್ಪು ಜಾಸ್ತಿ ಹಾಕಿದಳು, ಬೇರೆ ಏನಾದರೂ ಹೇಳಲಿ ಎಂದು, ಆಗಲೂ ಮನುಷ್ಯ ಎರಡು ತಂಬಿಗೆ ನೀರು ಕುಡಿದು, ಉಪ್ಪು ಸರಿ ಐತಿ. ಅವರೇ ಭಾನುವಾರಗಳಿಗೂ ಅವಳ ಹೆಸರಿನ ಮುಂದೆ ಹಾಜರಿ ಹಾಕಿದರು, ರಜೆಯ ದಿನದ ದುಪ್ಪಟ್ಟು ಕೂಲಿ ಬ್ಯಾಂಕಿಗೆ ಬಂದು ಬಿತ್ತು, ಈಗ ಆಡಿಟಿನವರು ಕೇಳುತ್ತಿದ್ದಾರೆ, ಮುಚ್ಚಿದ ಕ್ಯಾಂಟೀನಿನಲ್ಲಿ ಅಡುಗೆಯವಳು ಹೇಗೆ ಹಾಜರಿದ್ದಳು, ಯಾರ ಅಪ್ಪಣೆ. ಇಂಗವಲೆಯವರ ಹೆಸರು ಬಾಯಿಂದ ಬಿದ್ದರೆ ಮುಗಿಯಿತು, ಮೊನ್ನೆ ದಸರೆಗೆ ನಿವೃತ್ತರಾಗಿದ್ದಾರೆ, ಗ್ರಾಚ್ಯುಯಿಟಿ ಇನ್ನೂ ಕಾರ್ಖಾನೆಯ ಕೈಯಲ್ಲೇ ಇದೆ, ತಡೆದು ಹಿಡಿಯುತ್ತಾರೆ — ಅದಕ್ಕೇ ಬೆಳಿಗ್ಗೆ ಸ್ಕೂಟರ್ ತೊಳೆಯುತ್ತ ತೀರ್ಮಾನಿಸಿಬಿಟ್ಟಿದ್ದಾಳೆ, ಇದನ್ನು ಮಾರಿ ಕೊಟ್ಟುಬಿಡುವುದು, ಹೆಸರು ಹೇಳುವುದಿಲ್ಲ, ತೊಳೆದ ಸ್ಕೂಟರಿಗೆ ನಾಲ್ಕು ಕಾಸು ಜಾಸ್ತಿ ಬಂದೀತು. ಏನು ಮಹಾ, ಮೊದಲೆಲ್ಲ ನಡೆದೇ ಹೋಗುತ್ತಿರಲಿಲ್ಲವೇ. ಸೇತುವೆಯ ಇಳಿಜಾರು ಬಂತು, ಗಾಳಿ ಸೆರಗಿನೊಳಗೆ ನುಗ್ಗಿ ಬೆನ್ನ ಹಿಂದೆ ಪಟಪಟ ಎಂದಿತು, ಕೆಳಗೆ ನದಿ, ಎಮ್ಮೆಗಳು, ಕಿವಿ ತಿರುವಿದಳು, ಇನ್ನೂ ಸ್ವಲ್ಪ ತಿರುವಿದಳು, ಹೋ — ನಡೆದೇ ಹೋಗುತ್ತಿದ್ದೆ, ನಿಜ, ಆದರೆ ಹೀಗೆ ಯಾವಾಗ ಹೋಗಿದ್ದೆ.

ಗೇಟಿನ ಗಣಪತ್ ಸಲಾಮು ಹೊಡೆದು, ಮಾವಶಿ, ನಿಮ್ಮ ಕೈ ಹೋದ ಮ್ಯಾಲ ಕ್ಯಾಂಟೀನ್ ಭಾಕರಿ ಚಪ್ಪಲಿಗೆ ಅಟ್ಟೆ ಹಚ್ಚಾಕ ಅಡ್ಡಿ ಇಲ್ಲ, ಎಂದ, ಸುಳ್ಳಾಡ್ಬ್ಯಾಡ, ದಿನಾ ನಾಕು ತಿಂತೀಯಂತ, ಎಂದಳು ಅವಳು. ಆಫೀಸಿನಲ್ಲಿ ನಿಂಬಾಳಕರ್, ನೌಕರರ ವಿಭಾಗದ ಅಧಿಕಾರಿ, ಮೇಜಿನ ಮೇಲೆ ಗಾಜು, ಗಾಜಿನ ಕೆಳಗೆ ಮಗುವಿನ ಫೋಟೋ, ಕೂಡ್ರಿ ಮಾವಶಿ, ಚಹಾ ತಗೊಳ್ರಿ, ನಾ ಏನ್ ಮಾಡ್ಲಿ, ಆಡಿಟ್ ಮಂದಿ ಕುತ್ತಿಗಿ ಮ್ಯಾಲ ಕೂತಾರ, ಯಾರು ಹಾಜರಿ ಹಾಕಿದ್ರು ಅನ್ನೂದೊಂದು ಹೇಳಿಬಿಡ್ರಿ, ನಿಮ್ಮನ್ನ ಬಿಟ್ಟು ಅವರನ್ನ ಹಿಡೀತೀನಿ — ಮಾತು ಎಷ್ಟು ಮೆತ್ತಗಿದೆ, ಹೊಸ ಬೆಲ್ಲದ ಹಾಗೆ, ಅಂಟಿಕೊಂಡರೆ ಬಿಡುವುದಿಲ್ಲ, ಅವಳು ಸೊಂಟದಿಂದ ಬೀಗದ ಕೈ ತೆಗೆದು ಮಗುವಿನ ಫೋಟೋದ ಮೇಲೆಯೇ ಇಟ್ಟಳು, ಯಾರೂ ಹಾಕಿಲ್ಲ ಸಾಹೇಬ್ರ, ದುಡ್ಡು ಬಂತು, ನಾ ಉಂಡೆ, ಹೊರಗ ಸ್ಕೂಟರ್ ಐತಿ, ಮಾರಿ ತಗೋರಿ, ಕಮ್ಮಿ ಬಿದ್ದದ್ದು ಕಂತಿನ ಮ್ಯಾಲ ಕೊಡ್ತೀನಿ. ಹೇಳಿಯಾಯಿತು. ಚಹಾ ಬಿಸಿ, ನಾಲಿಗೆ ಸುಟ್ಟಿತು, ನಿಂಬಾಳಕರ್ ಬೀಗದ ಕೈಯನ್ನೇ ನೋಡುತ್ತಿದ್ದಾನೆ, ಅದಕ್ಕೆ ಮೊಮ್ಮಗಳು ಕಟ್ಟಿದ ಹಸಿರು ಉಲ್ಲನ್ ಗೊಂಡೆ, ಅದನ್ನಾದರೂ ಬಿಚ್ಚಿಕೊಳ್ಳಬೇಕಿತ್ತು — ಅಷ್ಟರಲ್ಲಿ ಹಿಂದಿನಿಂದ ಒಂದು ದನಿ, ನಾ ಹಾಕೀನಿ.

ಬಾಗಿಲಲ್ಲಿ ಇಂಗವಲೆ ಸಾಹೇಬರು, ಅದೇ ಟೋಪಿ, ಅದೇ ಇಸ್ತ್ರಿ, ಕೈಯಲ್ಲಿ ಬಸ್ ಟಿಕೆಟು ಇನ್ನೂ ಹಾಗೆಯೇ ಇದೆ, ಗಣಪತ್ ನಿನ್ನಿ ಫೋನ್ ಮಾಡಿದ್ದ, ಹೌಸಾಬಾಯಿಗೆ ಕಾಗದ ಹೋಗೇತಂತ, ನಾ ಹಾಕೀನಿ ನಿಂಬಾಳಕರ್, ಎಲ್ಲಾ ಭಾನುವಾರ ನಾನಾ ಹಾಕೀನಿ, ಕೆಲಸ ಮಾಡಿದ್ರು, ಹಾಕಿದೆ, ನನ್ನ ಗ್ರಾಚ್ಯುಯಿಟಿ ಒಳಗ ಹಿಡಕೋ — ಇಷ್ಟೊಂದು ಮಾತು! ಉಪ್ಪು ಬಿಟ್ಟು ಬೇರೆ ಮಾತೂ ಬರುತ್ತದೆಯೇ ಈ ಮನುಷ್ಯನಿಗೆ, ಅವಳು ಎದ್ದು ನಿಂತಳು, ನಿಮ್ಮದ್ಯಾಕ ಹಿಡೀಬೇಕು, ಉಂಡಾಕಿ ನಾನು, ಹಾಜರಿ ಬರದವ ನಾನು, ಎಂದರು ಅವರು, ನೀವು ನಡುವ ಬರಬ್ಯಾಡ್ರಿ, ಯಾಕ ಬರಬಾರ್ದು, ನನ್ನ ಹೆಸರಿನ ಕಾಗದ, ಎಂದಳು ಅವಳು, ಹೆಸರು ನಿಮ್ಮದು, ಸಹಿ ನಂದು — ನಿಂಬಾಳಕರ್ ಎರಡೂ ಕೈ ಎತ್ತಿದ, ಯವ್ವಾ ತಾಯಿ, ದುಡ್ಡು ಕೊಡೂದಿಲ್ಲಂತ ಜಗಳಾಡೋ ಮಂದಿ ನೋಡೀನಿ, ನಾ ಕೊಡ್ತೀನಿ ನೀ ಬ್ಯಾಡ ಅಂತ ಜಗಳಾಡೋರ್ನ ಇವತ್ತ ನೋಡಿದೆ. ಆಮೇಲೆ ಫೋಟೋದ ಮೇಲಿಂದ ಬೀಗದ ಕೈ ಎತ್ತಿ ಗೊಂಡೆ ಸವರಿದ, ಮಾವಶಿ, ನಾ ಹೊಸದಾಗಿ ಸೇರಿದ ವರ್ಷ ಮೊದಲು ಬಾಯ್ಲರ್ ಕಡೆ ಕೆಲಸ ಕಲಿಯಾಕ ಹಾಕಿದ್ರು, ದೀಪಾವಳಿಗೆ ಊರಿಗೆ ಬಿಡಲಿಲ್ಲ, ಅಳ್ಕೋತ ಕೂತಿದ್ದೆ, ನೀವು ಝುಣಕ ಹಾಕಿ ಕೊಟ್ರಿ, ಮ್ಯಾಲ ಒಂದು ಸಿಹಿ ಕರಂಜಿ, ಮನ್ಯಾಗಿಂದ ತಂದಿದ್ರಿ — ಅವಳಿಗೆ ನೆನಪಿಲ್ಲ, ಎಷ್ಟು ಹುಡುಗರು, ಎಷ್ಟು ಕರಂಜಿ, ಅತ್ತವರು ಬಹಳ ಮಂದಿ — ಭಾನುವಾರ ಕ್ಯಾಂಟೀನ್ ನಡೀತಿತ್ತು, ನಾನಾ ಉಂಡೀನಿ, ಹಂಗ ಬರದು ಸಹಿ ಮಾಡ್ತೀನಿ, ಆಡಿಟಿನವರು ಬೇಕಾದ್ರ ನನ್ನ ಹೊಟ್ಟಿ ಕೇಳ್ಲಿ, ಆದರ ಮಾವಶಿ, ಸಹಿ ಮಾಡೂದು ನಾನು, ಖರೇ ಹೇಳ್ರಿ, ಒಂದೂ ಭಾನುವಾರ ತಪ್ಪಿಸಿಲ್ಲ? ಖರೇ ಎಂದ ಮೇಲೆ ಖರೆಯೇ ಹೇಳಬೇಕು, ತಪ್ಪಿಸೀನಿ, ಎಂದಳು, ಮಗಳ ಬಾಣಂತನಕ್ಕ ಸಾಂಗಲಿಗೆ ಹೋಗಿದ್ದೆ, ಐದು ಭಾನುವಾರ ಬರಲೇ ಇಲ್ಲ, ಆ ದುಡ್ಡು ನನಗ್ಯಾಕ ಬಂದೀತು. ಬಂದೈತಿ, ಎಂದ ನಿಂಬಾಳಕರ್, ಅವಕ್ಕೂ ಬಂದೈತಿ. ಇಬ್ಬರೂ ಇಂಗವಲೆಯವರ ಕಡೆ ತಿರುಗಿದರು. ಅವರು ಕಿಟಕಿಯ ಕಡೆ ತಿರುಗಿಬಿಟ್ಟರು, ಟೋಪಿಯ ಕೆಳಗಿನ ದೊಡ್ಡ ಕಿವಿ ಮಾತ್ರ ಇವರ ಕಡೆಗಿತ್ತು, ಗೈರುಹಾಜರಿ ಅಂತ ಬರಿಬೇಕಿತ್ತು, ಎಂದರು ಕಿಟಕಿಗೆ, ಐದೂ ಸಲ ಬರಿಯಾಕ ಕೂತೆ, ಅವರ ಹೆಸರಿನ ಮುಂದ ಹಂಗ ಬರಿಯಾಕ ಕೈ ಏಳಲಿಲ್ಲ. ಕಿವಿ ತುದಿಯಿಂದ ಕೆಂಪಾಗತೊಡಗಿತು, ಬುಡದವರೆಗೆ ಕೆಂಪಾಯಿತು. ನಿಂಬಾಳಕರ್ ಕೆಮ್ಮಿದ, ಚಹಾದ ಕಪ್ಪಿನೊಳಗೆ ಏನೋ ಹುಡುಕಿದ, ಹಂಗಾದ್ರ ಆ ಐದರದು ಅಷ್ಟಾ, ನಾಕೂವರಿ ಸಾವಿರ, ಮೂರು ಕಂತು ಮಾಡೋಣು, ಎಂದು ಬೀಗದ ಕೈಯನ್ನು ಅವಳ ಕಡೆ ಸರಿಸಿದ. ಅಷ್ಟು ನಾ ಕೊಡ್ತೀನಿ, ಎಂದಳು ಹೌಸಾಬಾಯಿ, ಅದು ನಾ ದುಡದಿದ್ದಲ್ಲ. ನನ್ನ ತಪ್ಪು, ನಾ — ಎಂದು ಇಂಗವಲೆ ಶುರು ಮಾಡಿದರು, ಅವಳು ನೋಡಿದಳು, ಅವರು ಬಾಯಿ ಮುಚ್ಚಿದರು.

ಬಸ್ಸು ಇನ್ನೂ ತಾಸಿಗೆ, ಕೂಡ್ರಿ, ಸ್ಟ್ಯಾಂಡಿನವರೆಗೆ ಬಿಡ್ತೀನಿ, ಎಂದು ಹೊರಗೆ ಬಂದು ಅವಳು ಹೇಳಿದಾಗ ಅವರು ಸ್ಕೂಟರನ್ನು ಸುತ್ತು ಹಾಕಿ ನೋಡಿದರು, ಎತ್ತು ಕೊಳ್ಳುವವರ ಹಾಗೆ, ಟೋಪಿ ತೆಗೆದು ಜೇಬಿನಲ್ಲಿಟ್ಟು ಕೂತರು, ಅವಳ ಬೆನ್ನಿಗೂ ಅವರಿಗೂ ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು, ಹಿಂದೆ ಜಾರಿ ಬೀಳುವ ಹಾಗೆ, ಮುಂದ ಸರೀರಿ, ಬಿದ್ರ ಆ ಕಂತೂ ನನ್ನ ಮ್ಯಾಲ ಬರತೈತಿ, ಸರಿದರು, ಒಂದು ಬೆರಳಷ್ಟು. ಗಾಡಿ ಭಾರಕ್ಕೆ ಬೇರೆ ದನಿ ಮಾಡುತ್ತಿದೆ, ದಪ್ಪ ದನಿ, ನಾಕೂವರಿ ಸಾವಿರ, ಮೂರು ಕಂತು, ಒಂದು ಸಂಕ್ರಾಂತಿಗೆ, ಹಬ್ಬಕ್ಕೆ ಎಳ್ಳಿನ ಹೋಳಿಗೆ ಮಾಡಿ ಮಾರಿದರೆ ಆಯಿತು, ಸ್ನೇಹಲ್‌ಗೆ ಏನು ಹೇಳುವುದು, ಐದು ಭಾನುವಾರದ್ದು ಕೊಡಬೇಕಾಯಿತು ಎಂದರೆ ಯಾಕೆ ಎನ್ನುತ್ತಾಳೆ, ಯಾಕೆ ಎಂದರೆ — ಎಡಗನ್ನಡಿ ಸ್ವಲ್ಪ ಓರೆಯಾಗಿದೆ, ರಸ್ತೆ ಕಾಣುವುದಿಲ್ಲ, ಹಿಂದೆ ಕೂತವರ ಮುಖವೂ ಕಾಣುವುದಿಲ್ಲ, ಕಾಣುವುದು ಒಂದು ಕಿವಿ, ಟೋಪಿಯಿಲ್ಲದ ಬೋಳು ಕಿವಿ, ಬಿಸಿಲು ಅದರ ಆಚೆಯಿಂದ ಹಾಯ್ದು ಬರುತ್ತಿದೆ — ಎದುರಿಗೆ ನೋಡು, ಎದುರಿಗೆ ಎತ್ತಿನ ಗಾಡಿ, ಸರಿ, ದಾಟಿದಳು. ಸಾಂಗಲಿಯಲ್ಲಿ ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದ ಭಾನುವಾರ, ಇಲ್ಲಿ ಒಲೆ ತಣ್ಣಗೆ, ಒಬ್ಬರು ಖಾಲಿ ಆಫೀಸಿನಲ್ಲಿ ಪೆನ್ನು ಹಿಡಿದು ಕೂತಿದ್ದರು, ಐದು ಸಲ, ಅಂದು ಏನು ತಿಂದರೋ, ಬಾಳೆಹಣ್ಣೇ ಇರಬೇಕು — ಕಿವಿ ಇನ್ನೂ ಅಲ್ಲೇ. ಇಷ್ಟು ಹೊತ್ತಾದರೂ ಕೆಂಪು ಆರಿಲ್ಲ. ಕೇಳಲೇ, ಅಂದು ಉಪ್ಪು ಹೆಚ್ಚಾಗಿತ್ತಲ್ಲ, ಯಾಕೆ ಹೇಳಲಿಲ್ಲ ಎಂದು, ಬೇಡ, ಗಾಳಿಗೆ ಕೇಳಿಸುವುದಿಲ್ಲ, ಕೇಳಿಸಿದರೆ ಇನ್ನೂ ಕೆಂಪಾದೀತು, ಮಂದಿ ಏನಂದಾರು, ಸರ್ಜೇರಾವ್ ಎಂಟು ದಿನ ಮಾತು ಬಿಟ್ಟಾನು, ಬಿಡಲಿ, ಇದೋ ನಾಕಾ ಬಂತು, ಇದೋ ಹೂವಿನವರು, ಇದೋ ಬಸ್ ಸ್ಟ್ಯಾಂಡಿನ ಕೆಂಪು ಗೋಡೆ, ನಿಲ್ಲಿಸಬೇಕು, ಬ್ರೇಕಿನ ಮೇಲೆ ಬೆರಳಿದೆ, ಬೆರಳು ಒತ್ತುತ್ತಿಲ್ಲ, ಗೋಡೆ ಪಕ್ಕಕ್ಕೆ ಸರಿದು ಹಿಂದೆ ಹೋಯಿತು, ಅವರಿಗೂ ಕಂಡಿರಬೇಕಲ್ಲ, ನಿಲ್ಲಿಸಿ ಎನ್ನಲಿಲ್ಲ, ಮನೆಯಲ್ಲಿ ಹಿಟ್ಟಿದೆ, ಈರುಳ್ಳಿ ಇದೆ, ಸ್ನೇಹಲ್ ಕೇಳಿದರೆ — ಕೇಳಿದರೆ — ಕನ್ನಡಿಯಲ್ಲಿ ಆ ಕಿವಿ, ಕೆಂಪಗೆ, ಬಿಸಿಲು ತುಂಬಿಕೊಂಡು.