ನೂರಕ್ಕೆ ಆರು ನಿಧಾನ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಅತ್ತಿಗೆ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಸುಳ್ಳೇನಲ್ಲ. ನಲವತ್ತು ವರ್ಷ ಸ್ಟೀರಿಯೊ ರಿಪೇರಿ ಮಾಡಿದವನ ಎದುರು ಕೂತು, ಚೆನ್ನಾಗಿ ಹಾಡುತ್ತಿರುವ ಪೆಟ್ಟಿಗೆಯನ್ನು ಸರಿಯಿಲ್ಲ ಎಂದರೆ ಕೋಪ ಬಾರದೆ ಇನ್ನೇನು ಬರುತ್ತದೆ?

ವಿಷಯ ಇಷ್ಟೇ. ಅಣ್ಣ ಹೋಗಿ ಎರಡು ವರ್ಷವಾಗಿತ್ತು. ಅತ್ತಿಗೆ ಮನೆ ಖಾಲಿ ಮಾಡಿ ಮಗಳ ಜೊತೆ ಇರಲು ಹೊರಟಿದ್ದಳು; ಸಾಮಾನಿನ ಗಾಡಿ ಮಧ್ಯಾಹ್ನಕ್ಕೆ ಬರುವುದಿತ್ತು. ಮಗಳ ಮನೆಯಲ್ಲಿರುವುದು ಎರಡೇ ಕೋಣೆ. ಅಣ್ಣನ ಸ್ಟೀರಿಯೊ ಎಂದರೆ ಸೊಂಟದೆತ್ತರದ ಎರಡು ಸ್ಪೀಕರ್, ಇಬ್ಬರು ಹಿಡಿದು ಎತ್ತಬೇಕಾದ ಆಂಪ್ಲಿಫೈಯರ್. ಕ್ಯಾಸೆಟ್ ಡೆಕ್ಕಿನ ಮೋಟಾರು ಅಣ್ಣ ಹೋದ ವರ್ಷವೇ ಸುಟ್ಟುಹೋಗಿ, ಬಿಡಿಭಾಗ ಸಿಗದೆ ಡೆಕ್ಕು ಮೂಲೆ ಸೇರಿತ್ತು. ಮಗಳು ಅಪ್ಪನ ಕ್ಯಾಸೆಟ್ಟುಗಳನ್ನೆಲ್ಲ ಒಂದು ಸ್ಟುಡಿಯೋಕ್ಕೆ ಒಯ್ದು ಫೈಲ್ ಮಾಡಿಸಿ, ತನ್ನ ಲ್ಯಾಪ್‌ಟಾಪಿಗೆ ತುಂಬಿಸಿಕೊಂಡು ಬಂದಿದ್ದಳು.

"ಅವರಿದ್ದಾಗ ಹಾಡ್ತಿದ್ದ ಹಾಗೇ ಹಾಡಿದ್ರೆ ಜೊತೆಗೆ ತಗೊಂಡು ಹೋಗ್ತೀನಿ," ಎಂದಳು ಅತ್ತಿಗೆ. "ಇಲ್ಲಾಂದ್ರೆ ಗುಜರಿಯವನಿಗೆ ಕೊಟ್ಬಿಡ್ತೀನಿ. ಸುಮ್ನೆ ಜಾಗ ತಿನ್ನೋ ಸಾಮಾನು ನಂಗ್ಯಾಕೆ?"

ಹಾಗೆಂದಳೇ ಹೊರತು ಅವಳ ಕೈ ಸ್ಪೀಕರಿನ ಧೂಳು ಒರೆಸುತ್ತಲೇ ಇತ್ತು.

ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿನಿಂದ ಆಂಪ್ಲಿಫೈಯರಿನ ಬೆನ್ನಿಗೆ ಕೆಂಪು, ಬಿಳಿ ತಂತಿ ಎಳೆದೆ. ಮಗಳು ಒಂದು ಫೈಲ್ ಒತ್ತಿದಳು. ಅಣ್ಣ ಗಡ್ಡ ಹೆರೆಯುವಾಗ ಹಾಕುತ್ತಿದ್ದ ಹಾಡು. ಮುಖದ ತುಂಬ ನೊರೆ ಮೆತ್ತಿಕೊಂಡೇ ಹೊರಗೆ ಬಂದು, ಹೊಲಿಗೆ ಯಂತ್ರ ತುಳಿಯುತ್ತಿದ್ದ ಅತ್ತಿಗೆಯ ಕೆನ್ನೆಗೂ ಒಂದಿಷ್ಟು ಬಳಿದು ಹೋಗುತ್ತಿದ್ದ. ಹೊಲಿಯುತ್ತಿದ್ದ ಬಟ್ಟೆ ಹಾಳಾಯಿತೆಂದು ಅವಳು ಬೈಯುತ್ತಿದ್ದಳು. ಎಲ್ಲ ನೆನಪಾಗಿ ನಾನು ಗುಂಡಿ ತಿರುಗಿಸಿ ದನಿ ಇನ್ನಷ್ಟು ಏರಿಸಿದೆ.

"ಇದಲ್ಲ," ಎಂದಳು ಅತ್ತಿಗೆ.

"ಇದಲ್ಲ ಅಂದ್ರೆ? ಅದೇ ಹಾಡು, ಅದೇ ಸ್ಪೀಕರು."

"ಹಾಡು ಅದೇ. ಆದ್ರೆ ಹಾಡೋಳಿಗೆ ಏನೋ ಅವಸರ. ಬಸ್ಸು ತಪ್ಪಿಹೋಗುತ್ತೆ ಅನ್ನೋ ಹಾಗೆ ಹಾಡ್ತಿದ್ದಾಳೆ."

"ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ಮೊದ್ಲು ಕಿವಿ ತೋರಿಸ್ಕೊಂಡು ಬಾ."

"ನನ್ನ ಕಿವಿ ನೆಟ್ಟಗಿದೆ. ನೀನು ಬಾಯಿ ನೋಡ್ಕೋ."

ಹಟ ಹತ್ತಿತು. ತಂತಿ ಬದಲಾಯಿಸಿದೆ. ಗುಂಡಿಗಳನ್ನು ಆಚೆಗೂ ಈಚೆಗೂ ತಿರುಗಿಸಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಸ್ಪೀಕರನ್ನೂ ಬಿಚ್ಚಿ ಮುಚ್ಚಿದೆ. ಪ್ರತಿ ಸಲವೂ ಅವಳು ತಲೆಯಾಡಿಸಿದಳು.

"ಅಮ್ಮ, ಸ್ಟುಡಿಯೋದವರು ಎಲ್ಲಾ ಅಳತೆ ನೋಡೇ ಮಾಡಿದ್ದು," ಎಂದಳು ಮಗಳು.

"ಇರ್ಬಹುದು. ಇದು ಯಾರ ಮನೆ ಹಾಡೋ ಏನೋ. ಬಿಡಿ, ಗುಜರಿಯವನಿಗೆ ಫೋನ್ ಮಾಡಿ," ಎಂದು ಅತ್ತಿಗೆ ಬಟ್ಟೆ ಮಡಚಲು ಒಳಗೆ ಹೋದಳು.

ನಾನು ತಂತಿ ಸುತ್ತತೊಡಗಿದೆ. ಒಳಗಿನಿಂದ ಅವಳು ಅದೇ ಹಾಡು ಗುನುಗುವುದು ಕೇಳಿಸಿತು. ಲ್ಯಾಪ್‌ಟಾಪಿನಲ್ಲಿ ಇನ್ನೂ ಸಣ್ಣಗೆ ಹಾಡುತ್ತಿತ್ತು. ಅವಳ ದನಿ ಅದಕ್ಕಿಂತ ಒಂದೇ ಒಂದು ಮೆಟ್ಟಿಲು ಕೆಳಗಿತ್ತು, ನಿಧಾನವೂ ಇತ್ತು. ಮತ್ತೆ ಶುರುಮಾಡಿದಳು. ಮತ್ತೆ ಅಷ್ಟೇ ಕೆಳಗೆ, ಅಷ್ಟೇ ನಿಧಾನ. ಸುತ್ತುತ್ತಿದ್ದ ತಂತಿಯನ್ನು ಕೆಳಗಿಟ್ಟೆ.

ಆ ಡೆಕ್ಕು ನಾನು ಸ್ವಂತವಾಗಿ ರಿಪೇರಿ ಮಾಡಿದ ಮೊದಲ ಯಂತ್ರ. ಮೋಟಾರಿನ ತುದಿಯ ಪುಟ್ಟ ಗಾಲಿ ಸೀಳಿತ್ತು. ಅಂಥದ್ದೇ ಸಿಗದೆ ಬೇರೆ ಯಂತ್ರದ ಗಾಲಿ ತಂದು ಹಾಕಿದ್ದೆ; ಒಂದು ಚೂರು ಚಿಕ್ಕದು. ಗಾಲಿ ಚಿಕ್ಕದಾದರೆ ಟೇಪು ನಿಧಾನ ಓಡುತ್ತದೆ, ದನಿ ಇಳಿಯುತ್ತದೆ; ನೂರಕ್ಕೆ ಆರು ನಿಧಾನವಾದರೆ ಸ್ವರ ಒಂದು ಮೆಟ್ಟಿಲು ಕೆಳಗೆ. ವೇಗ ಅಳೆದು ನೋಡಬೇಕಿತ್ತು, ನೋಡಲಿಲ್ಲ. ಅಂದಿನಿಂದ ಈ ಮನೆಯಲ್ಲಿ ಒಂದು ಹಾಡೂ ಸರಿಯಾಗಿ ಹಾಡಿಲ್ಲ. ಆ ಡೆಕ್ಕನ್ನೇ ಉದಾಹರಣೆ ಕೊಟ್ಟು ನಾನು ಗಿರಾಕಿಗಳ ಮುಂದೆ ಜಂಬ ಕೊಚ್ಚಿದ್ದಕ್ಕೆ ಲೆಕ್ಕವಿಲ್ಲ.

ಬಾಯಿ ಮುಚ್ಚಿಕೊಂಡಿದ್ದರೆ ಗುಜರಿಯವನು ಬಂದು ಎಲ್ಲ ಹೊತ್ತೊಯ್ಯುತ್ತಿದ್ದ. ನನ್ನ ಮರ್ಯಾದೆ ಉಳಿಯುತ್ತಿತ್ತು. ಒಂದು ಕ್ಷಣ ಹಾಗೆ ಯೋಚಿಸಿದೆ ಕೂಡ, ನಾಚಿಕೆಯಿಲ್ಲದೆ.

"ಇದ್ರಲ್ಲಿ ವೇಗ ಇಳಿಸೋಕಾಗುತ್ತಾ?" ಎಂದು ಮಗಳನ್ನು ಕೇಳಿದೆ. "ದನೀನೂ ಜೊತೆಗೇ ಇಳೀಬೇಕು. ನೂರಕ್ಕೆ ಆರರಷ್ಟು."

ಅವಳು ಇಳಿಸಿದಳು, ನಾನು ತಂತಿ ಮತ್ತೆ ಸಿಕ್ಕಿಸಿದೆ. ಹಾಡು ಹೊರಟಿತು. ಒಳಗಿನ ಗುನುಗು ನಡುವೆಯೇ ನಿಂತುಹೋಯಿತು. ಅರ್ಧ ಮಡಚಿದ ಹೊದಿಕೆ ಹಿಡಿದುಕೊಂಡೇ ಅತ್ತಿಗೆ ಬಾಗಿಲಿಗೆ ಬಂದಳು, ಹಾಗೆಯೇ ನೆಲದ ಮೇಲೆ ಕೂತಳು. ಹಾಡು ಮುಗಿಯುವವರೆಗೂ ಅವಳ ಕಣ್ಣೀರು ನಿಲ್ಲಲಿಲ್ಲ.

"ಇದು," ಎಂದಳು. "ಏನ್ ಮಾಡ್ದೆ?"

ಹೇಳಿದೆ. ಗಾಲಿಯಿಂದ ಜಂಬದವರೆಗೆ ಎಲ್ಲ ಹೇಳಿ, ಬೈಗುಳಕ್ಕೆ ಕಾದು ನಿಂತೆ.

"ಅದಕ್ಕೇನಾ ನಿಮ್ಮಣ್ಣ ಹಾಗೆ ಮಾಡಿದ್ದು?" ಎಂದಳು. "ಹಿಂದೆ ಅವರ ಆಫೀಸಿನವರು ಯಾರೋ ಬಂದಿದ್ರು. ಡೆಕ್ಕಲ್ಲಿ ದೋಷ ಇದೆ, ಐದು ನಿಮಿಷದಲ್ಲಿ ಸರಿ ಮಾಡ್ಕೊಡ್ತೀನಿ ಅಂದ್ರು. ಇವರು ಮುಟ್ಟೋಕೇ ಬಿಡ್ಲಿಲ್ಲ. ಏನು ದೋಷ ಅಂತ ನಂಗೂ ಹೇಳ್ಲಿಲ್ಲ. 'ಅದು ನನ್ನ ತಮ್ಮ ರಿಪೇರಿ ಮಾಡಿದ್ದು, ಹಾಗೇ ಇರ್ಲಿ' ಅಂದ್ರು."

ಪಕ್ಕದ ಮನೆಯವರು ಹಾಡುವಾಗ ಸ್ವರ ಒಂದೆಳೆ ಜಾರಿದರೆ ಎದ್ದು ಕಿಟಕಿ ಮುಚ್ಚುತ್ತಿದ್ದ ಮನುಷ್ಯ ನನ್ನಣ್ಣ. ಅಂಥವನು ನನ್ನ ತಪ್ಪನ್ನು ದಿನಾ ಬೆಳಿಗ್ಗೆ ಹಾಕಿಕೊಂಡು ಕೇಳಿದ್ದ. ನಾನು ಅತ್ತಿಗೆಯ ಪಕ್ಕದಲ್ಲೇ ಕುಸಿದು, ಅಣ್ಣ ಹೋದ ದಿನವೂ ಅಳದವನು, ಮಗಳ ಎದುರಿಗೇ ಗೊಳೋ ಎಂದು ಅತ್ತೆ.

ಅತ್ತಿಗೆ ಕೈಯಲ್ಲಿದ್ದ ಹೊದಿಕೆಯನ್ನು ನನ್ನ ಮಡಿಲಿಗೆ ಹಾಕಿದಳು.

"ಅತ್ತಿದ್ದು ಸಾಕು. ಗಾಡಿ ಬರೋ ಹೊತ್ತಾಯ್ತು, ಇದನ್ನ ಸ್ಪೀಕರಿಗೆ ಸುತ್ತು. ಗೀರು ಬಿದ್ರೆ ಸುಮ್ನಿರಲ್ಲ ನಾನು."